ಗಾಡಿ ಎಲ್ಲಿ ನಿಲ್ಲುತ್ತದೆ?

ಗದಗ ಸೀಮೆಯ ಬಗ್ಗೆ ಬಂದಿರುವ ಊರ ಚರಿತ್ರೆಗಳನ್ನು, ಸ್ಮರಣ ಸಂಚಿಕೆಗಳನ್ನು, ಪ್ರವಾಸಿ ಕೈಪಿಡಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ಕುಮಾರವ್ಯಾಸನಿದ್ದಾನೆ, ವೀರನಾರಾಯಣನಿದ್ದಾನೆ, ಲಕ್ಕುಂಡಿಯ ಗುಡಿಗಳಿವೆ, ಪುಲಿಗೆರೆಯ ಸೋಮೇಶ್ವರನಿದ್ದಾನೆ, ಮುಂಡರಗಿ ಭೀಮರಾಯನ ಬಂಡಾಯವಿದೆ. ಕೊನೆಯ ಪುಟಗಳಲ್ಲಿ ‘ಸಾರಿಗೆ ಮತ್ತು ಸಂಪರ್ಕ’ ಎಂಬ ತಲೆಬರಹದ ಕೆಳಗೆ ರಸ್ತೆ ಇಷ್ಟು ಮೈಲಿ, ರೈಲು ನಿಲ್ದಾಣ ಇಷ್ಟು, ಬಸ್ ಡಿಪೊ ಇಷ್ಟು ಎಂಬ ಪಟ್ಟಿಯಿರುತ್ತದೆ. ಗುಡಿ ಕಟ್ಟಿಸಿದ ದೊರೆಯ ಹೆಸರು ಉಳಿದಿದೆ. ಕಲ್ಲು ಎಳೆದ ಬಂಡಿಯವನ ಹೆಸರು ಇಲ್ಲ. ಇದು ಹೊಸ ದೂರಲ್ಲ, ನಿಜ. ಆದರೆ ಈ ಮರೆವಿನಿಂದ ನಮ್ಮ ತಿಳಿವಳಿಕೆಗೆ ಆಗಿರುವ ನಷ್ಟ ದೊಡ್ಡದು.

ಗಾಡಿ ಬರೀ ಸಾಮಾನು ಸಾಗಿಸುವ ಸಾಧನವಾಗಿದ್ದರೆ ಆ ಪಟ್ಟಿಯೇ ಸಾಕಿತ್ತು. ಗಾಡಿ ಬದಲಾದಾಗ ಸಂತೆ ಬದಲಾಗುತ್ತದೆ. ಸಂತೆ ಬದಲಾದಾಗ ಯಾವ ಊರು ದೊಡ್ಡದು, ಯಾವುದು ಸಣ್ಣದು ಎಂಬುದು ಬದಲಾಗುತ್ತದೆ. ಯಾರು ಯಾರ ಪಕ್ಕದಲ್ಲಿ ಕೂರಬಹುದು, ಯಾರ ಕೈಯ ನೀರು ಕುಡಿಯಬಹುದು, ಯಾವ ಮನೆಯ ಹೆಣ್ಣುಮಗಳು ಒಬ್ಬಳೇ ಊರ ಹೊರಗೆ ಹೋಗಬಹುದು ಎಂಬುದೂ ಬದಲಾಗುತ್ತದೆ. ಒಂದಕ್ಕೊಂದು ಹತ್ತಿರವಿದ್ದೂ ಬೇರೆ ಬೇರೆ ಹಣೆಬರಹ ಕಂಡ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಇದನ್ನು ನೋಡಲು ತಕ್ಕ ಜಾಗ. ವೇಗ ಎಷ್ಟು ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ನಾವು ಬೇರೆ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಬಯಸುತ್ತೇವೆ. ಗಾಡಿ ಎಲ್ಲಿ ನಿಲ್ಲುತ್ತದೆ? ಹತ್ತಿಸಿಕೊಳ್ಳುವ ಮುನ್ನ ಅದು ಏನನ್ನು ಕೇಳುತ್ತದೆ?

ಹೇರೆತ್ತಿನ ದಾರಿ

ರೈಲು ಬರುವುದಕ್ಕೆ ಎಂಟು ನೂರು ವರ್ಷ ಮೊದಲು ಈ ಸೀಮೆಯ ದೊಡ್ಡ ಕೂಡುದಾರಿಗಳಲ್ಲಿ ಲಕ್ಕುಂಡಿಯೂ ಒಂದಾಗಿತ್ತು. ಅಲ್ಲಿ ಟಂಕಿಸಿದ ‘ಲೊಕ್ಕಿ ಗದ್ಯಾಣ’ ದೂರದವರೆಗೆ ಚಲಾವಣೆಯಲ್ಲಿತ್ತು. ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿರುವ ಡಂಬಳದ 1095ರ ಶಾಸನ ಹದಿನಾರು ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನು ಹೇಳುತ್ತದೆ. ವ್ಯಾಪಾರಿಗಳು ಸೇರಿ ತಾರಾದೇವಿಗೆ ವಿಹಾರ ಕಟ್ಟಿದ ಊರು ಇಂದು ಬಸ್ಸಿನ ಕಿಟಕಿಯಿಂದ ಕಾಣುವ ಒಂದು ದೊಡ್ಡ ಕೆರೆ, ಒಂದು ಚೆಲುವಾದ ಗುಡಿ. ಪುಲಿಗೆರೆಯ ಕಥೆಯೂ ದಾರಿಯ ಕಥೆಯೇ. ರಾಘವಾಂಕನ ‘ಸೋಮನಾಥ ಚಾರಿತ್ರ’ದ ಆದಯ್ಯ ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದವನು, ಜೈನ ಕನ್ಯೆಯನ್ನು ಮದುವೆಯಾದವನು. ಮುಂದಿನದು ಶೈವ-ಜೈನ ಜಗಳದ ಕಥೆ. ನಮ್ಮ ವಿಮರ್ಶಕರು ಆ ಜಗಳವನ್ನು ಸಾಕಷ್ಟು ಚರ್ಚಿಸಿದ್ದಾರೆ. ಗುಜರಾತಿನ ಒಬ್ಬ ವರ್ತಕ ಎತ್ತಿನ ಮೇಲೆ ಸರಕು ಹೇರಿಕೊಂಡು ಪುಲಿಗೆರೆಯವರೆಗೆ ಬರುವುದು ಕವಿಗೂ ಕೇಳುಗರಿಗೂ ಸಹಜವಾಗಿ ಕಂಡಿತ್ತು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿಲ್ಲ. ಕನ್ನಡದ ತಿರುಳಿನ ನಾಡೆಂದು ‘ಕವಿರಾಜಮಾರ್ಗ’ ಹೆಸರಿಸಿದ ಊರುಗಳಲ್ಲೊಂದಾದ ಪುಲಿಗೆರೆ ಹೊರಗಿನವರಿಗೆ ಬಾಗಿಲು ಮುಚ್ಚಿದ ಊರಾಗಿರಲಿಲ್ಲ.

ಹೇರೆತ್ತು ದಿನಕ್ಕೆ ಹೋಗುವ ದೂರ ಕಡಿಮೆ. ಆದ್ದರಿಂದ ಅದು ಬಹಳ ಕಡೆ ನಿಲ್ಲಬೇಕಾಗುತ್ತಿತ್ತು. ಆ ನಿಲುಗಡೆಗಳಲ್ಲಿ ಬಾವಿ, ಅರವಟ್ಟಿಗೆ, ಧರ್ಮಶಾಲೆ, ಮಠ, ದರ್ಗಾಗಳು ಬೆಳೆದವು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಜೈನ ಬಸದಿಗಳು, ಆದಿಲಶಾಹಿ ಕಾಲದಲ್ಲಿ ಅಂಕುಶಖಾನ ಕಟ್ಟಿಸಿದ ಜುಮ್ಮಾ ಮಸೀದಿ, ದೂದನಾನಾ ದರ್ಗಾ ಇವೆಲ್ಲ ನಡೆದು ಹೋಗುವಷ್ಟು ಅಂತರದಲ್ಲಿವೆ. ಶಿರಹಟ್ಟಿಯ ಫಕೀರೇಶ್ವರ ಮಠದ ಪರಂಪರೆ ಬಿಜಾಪುರದ ಸೂಫಿ ಖ್ವಾಜಾ ಅಮೀನುದ್ದೀನರವರೆಗೆ ಹೋಗುತ್ತದೆ. ಮಠದ ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಜೊತೆಗೂಡಿದ್ದಾರೆ. ಇದನ್ನು ನಾವು ಸಾಮಾನ್ಯವಾಗಿ ‘ಭಾವೈಕ್ಯ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಭಾವೈಕ್ಯ ಗಾಳಿಯಲ್ಲಿ ಹುಟ್ಟುವುದಿಲ್ಲ. ಬಿಜಾಪುರದಿಂದ ತುಂಗಭದ್ರೆಯವರೆಗಿನ ದಾರಿಯಲ್ಲಿ ಜನ ನಡೆದರು, ದಣಿದರು, ರಾತ್ರಿ ತಂಗಿದರು, ತಂಗಿದ ಕಡೆ ಅಪರಿಚಿತರ ಜೊತೆ ಉಂಡರು. ಸಂತರ ಮಾತಿಗೆ ಕಿವಿ ಸಿಕ್ಕಿದ್ದು ಆ ತಂಗುದಾಣಗಳಲ್ಲಿ.

ಇಸ್ಲಾಂ ದಾರಿಹೋಕನಿಗೆ ಕೊಟ್ಟಿರುವ ಜಾಗವನ್ನು ಇಲ್ಲಿ ನೆನೆಯಬೇಕು. ಜಕಾತ್ ಪಡೆಯಲು ಹಕ್ಕುಳ್ಳ ಎಂಟು ವರ್ಗಗಳಲ್ಲಿ ಮುಸಾಫಿರನೂ ಒಬ್ಬ. ಅವನು ಊರಲ್ಲಿ ಸ್ಥಿತಿವಂತನಾಗಿದ್ದರೂ ದಾರಿಯಲ್ಲಿ ಕೈ ಬರಿದಾಗಿದ್ದರೆ ಅವನಿಗೆ ಪಾಲುಂಟು. ಅವನಿಗೆ ನಮಾಜಿನಲ್ಲಿ ಸಡಿಲಿಕೆಯುಂಟು, ಉಪವಾಸದಲ್ಲಿ ವಿನಾಯಿತಿಯುಂಟು. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟ ಲಿಂಗಾಯತ ಗೌಡನೂ ಮುಸಾಫಿರಖಾನೆ ಕಟ್ಟಿಸಿದ ಸಾಹುಕಾರನೂ ಒಂದೇ ತಿಳಿವಳಿಕೆಯ ಮೇಲೆ ನಿಂತವರು. ಪ್ರಯಾಣ ಮಾಡುವವನು ಅರ್ಧ ನಿರ್ಗತಿಕ; ಅವನನ್ನು ನೋಡಿಕೊಳ್ಳುವುದು ದಾರಿಯಲ್ಲಿರುವವರ ಹೊಣೆ.

ಹಾಗೆಂದು ಆ ಕಾಲವನ್ನು ಹೊನ್ನಿನ ಕಾಲವೆನ್ನಲು ಕಾರಣವಿಲ್ಲ. ಅರವಟ್ಟಿಗೆಯ ನೀರು ಎಲ್ಲರ ಬೊಗಸೆಗೂ ಒಂದೇ ರೀತಿ ಬೀಳುತ್ತಿರಲಿಲ್ಲ. ಬಾವಿಯ ಕಟ್ಟೆ ಹತ್ತಲಾಗದವರು ದೂರ ನಿಂತು ಕಾಯುತ್ತಿದ್ದರು. ಉಪ್ಪು, ಕಾಳು ಹೇರಿಕೊಂಡು ಸಾವಿರಾರು ಎತ್ತುಗಳ ಹಿಂಡಿನೊಡನೆ ತಿರುಗಿ ಮೊಗಲರ ದಂಡಿಗೂ ದವಸ ಮುಟ್ಟಿಸಿದ ಲಂಬಾಣಿಗರು ಬೇಕಾದಾಗ ಬೇಕು, ಸಂತೆ ಮುಗಿದ ಮೇಲೆ ಊರ ಹೊರಗೆ. ಹೇರೆತ್ತಿನ ದಾರಿ ಬಹಳ ಕಡೆ ನಿಲ್ಲುತ್ತಿತ್ತು. ಆದರೆ ನಿಂತಲ್ಲೆಲ್ಲ ಜಾತಿಯನ್ನೂ ಕೇಳುತ್ತಿತ್ತು.

ಕುಮಟಾ ಎಂಬ ಹೆಸರಿನ ಹತ್ತಿ

ಧಾರವಾಡ ಸೀಮೆಯ ಜವಾರಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂದು ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಕರಾವಳಿಯ ಬಂದರು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಎರೆಹೊಲದ ಹತ್ತಿ ಹೇರೆತ್ತಿನ ಮೇಲೆ, ಚಕ್ಕಡಿಯಲ್ಲಿ ಘಟ್ಟ ಇಳಿದು ಆ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿ ಸೇರುತ್ತಿತ್ತು. ಬೆಳೆದವನ ಊರಿನ ಹೆಸರು ಅಳಿಸಿ, ಹೇರಿದ ಬಂದರಿನ ಹೆಸರು ಉಳಿಯಿತು. ಸಾಗಣೆಗೆ ಇರುವ ಬಲ ಯಾವುದು ಎಂದು ತೋರಿಸಲು ಈ ಒಂದು ಹೆಸರು ಸಾಕು.

1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಈ ಎರೆಮಣ್ಣಿಗೆ ಬಂತು. ಗದಗ-ಡಂಬಳದ ಕಡೆ ಚೆನ್ನಾಗಿ ಹತ್ತಿಕೊಂಡಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾದಾಗ ನಮ್ಮ ಹತ್ತಿಯ ದರ ಏರಿತು. ಆ ದರದ ಆಸೆಗೆ ಘಟ್ಟದ ರಸ್ತೆಗಳಿಗೆ ದುಡ್ಡು ಬಂತು, ಚಕ್ಕಡಿಗಳು ಹೆಚ್ಚಿದವು. ಬಡಿಗ, ಕಮ್ಮಾರ, ಚಕ್ಕಡಿಯವ ಎಲ್ಲರ ಕೈಯಲ್ಲೂ ನಾಲ್ಕು ಕಾಸು ಓಡಾಡಿತು. ಯುದ್ಧ ಮುಗಿಯಿತು, ದರ ಬಿತ್ತು. ಸಾವಿರಾರು ಮೈಲಿ ದೂರದ ಒಂದು ಯುದ್ಧಕ್ಕೂ ಗದಗ ತಾಲೂಕಿನ ಒಬ್ಬ ರೈತನ ಸಾಲಕ್ಕೂ ನಂಟು ಬಿದ್ದದ್ದು ಆ ಚಕ್ಕಡಿಗಳ ಮೂಲಕ. ‘ಜಾಗತೀಕರಣ’ ಎಂಬ ಮಾತು 1990ರ ದಶಕದಲ್ಲಿ ನಮ್ಮ ಚರ್ಚೆಗೆ ಬಂತು. ಅನುಭವ ಅದಕ್ಕಿಂತ ಬಹಳ ಹಳೆಯದು.

ಚಕ್ಕಡಿಗೆ ಇನ್ನೊಂದು ತೊಡಕಿತ್ತು. ಗದಗ ಮತ್ತು ಮುಂಡರಗಿ ಮುಂಬಯಿ ಇಲಾಖೆಯವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು. ಮುಂಡರಗಿಯಿಂದ ಮೂಡಣಕ್ಕೆ ಹೊರಟರೆ ಕೊಪ್ಪಳದ ಕಡೆ ನಿಜಾಮರ ಸೀಮೆ. ತೆಂಕಣಕ್ಕೆ ತುಂಗಭದ್ರೆ ದಾಟಿದರೆ ಹಡಗಲಿ, ಮದ್ರಾಸ್ ಇಲಾಖೆ. ಒಂದೇ ಮಾತು ಆಡುವ, ಒಂದೇ ರೊಟ್ಟಿ ಉಣ್ಣುವ ಜನ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಕರ್ನಾಟಕ ಏಕೀಕರಣದ ಚರಿತ್ರೆ ಬರೆಯುವವರು ಹಾಡು, ಸಭೆ, ಠರಾವುಗಳನ್ನು ಎಣಿಸುತ್ತಾರೆ. ಗಡಿಯಿಂದ ಗಡಿಗೆ ಚಕ್ಕಡಿ ಹೊಡೆದವನಿಗೆ ಏಕೀಕರಣ ಏಕೆ ಬೇಕು ಎಂಬುದನ್ನು ಯಾರೂ ಭಾಷಣ ಮಾಡಿ ತಿಳಿಸಬೇಕಾಗಿರಲಿಲ್ಲ.

ಗದಗ ಜಂಕ್ಷನ್

1876-78ರ ಬರಗಾಲದಲ್ಲಿ ಈ ಸೀಮೆಯ ಜನ ಹುಳುಗಳಂತೆ ಸತ್ತರು. ದವಸ ಬೇರೆ ಕಡೆ ಇದ್ದರೂ ತರುವ ದಾರಿಯಿರಲಿಲ್ಲ, ಎಳೆಯುವ ಎತ್ತುಗಳೂ ಮೇವಿಲ್ಲದೆ ಸತ್ತಿದ್ದವು. ಬರದಿಂದ ಕಾಪಾಡುವುದು ಎಂಬ ಹೆಸರಿನಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. 1884ರಲ್ಲಿ ಮೀಟರ್‌ಗೇಜ್ ಹಳಿ ಗದಗ ಮುಟ್ಟಿತು. ಒಂದು ದಾರಿ ಬಾಗಲಕೋಟೆ, ಬಿಜಾಪುರಗಳ ಮೇಲೆ ಹೊಟಗಿಗೆ, ಇನ್ನೊಂದು ಬಳ್ಳಾರಿಯ ಕಡೆಗೆ, ಮತ್ತೊಂದು ಹುಬ್ಬಳ್ಳಿಯ ಕಡೆಗೆ. 1888ರ ಹೊತ್ತಿಗೆ ಹುಬ್ಬಳ್ಳಿಯಿಂದ ಮುಂದೆ ಘಟ್ಟ ಇಳಿದು ಮುರ್ಮಗೋವಾ ಬಂದರಿನವರೆಗೆ ಹಳಿ ಕೂಡಿತು. ಬರಕ್ಕೆ ದವಸ ತರಬಲ್ಲ ರೈಲು ಒಳ್ಳೆಯ ದರ ಕಂಡ ಕಡೆ ನಮ್ಮ ದವಸವನ್ನು ಒಯ್ಯಲೂ ಬಲ್ಲುದು ಎಂಬುದನ್ನು ಆ ಕಾಲದ ರಾಷ್ಟ್ರೀಯವಾದಿಗಳೇ ಎತ್ತಿ ತೋರಿಸಿದ್ದರು. ಹಳಿಗೆ ದಯೆಯಿಲ್ಲ, ದರ ಇರುವತ್ತ ಅದು ಹೊರಡುತ್ತದೆ.

ರೈಲು ಬಂದ ಮೇಲೆ ಗದಗದ ಮುಖವೇ ಬದಲಾಯಿತು. ನಿಲ್ದಾಣದ ಆಸುಪಾಸು ಹತ್ತಿ ಅರೆಯುವ ಕಾರ್ಖಾನೆ, ಅಂಡಿಗೆ ಕಟ್ಟುವ ಪ್ರೆಸ್ಸು, ಅಡತಿ ಅಂಗಡಿಗಳು ಎದ್ದವು. ಹೊರಗಿನ ವರ್ತಕರು ಬಂದು ನೆಲೆಸಿದರು. ಹಮಾಲರ ಓಣಿಗಳು, ಟಾಂಗಾದವರ ಓಣಿಗಳು ಬೆಳೆದವು. ಅವುಗಳಲ್ಲಿ ಮುಸ್ಲಿಮರು, ದಲಿತರು, ಹಳ್ಳಿಯಲ್ಲಿ ಹೊಲವಿಲ್ಲದವರು ಒಟ್ಟಾಗಿ ಬದುಕಿದರು. ಬೆಟಗೇರಿಯ ನೇಕಾರರಿಗೆ ಗಿರಣಿ ನೂಲು ರೈಲಿನಲ್ಲಿ ಬಂತು, ಸೀರೆ ರೈಲಿನಲ್ಲಿ ಹೋಯಿತು. ಅದೇ ನೂಲು ಹಳ್ಳಿಯ ಹೆಣ್ಣುಮಕ್ಕಳ ರಾಟಿಯನ್ನು ಅಟ್ಟಕ್ಕೇರಿಸಿತು. ಕಾರ್ಖಾನೆ ಅರೆದ ಹತ್ತಿ ಕೈಗಾಣದ ಕೂಲಿಯನ್ನು ಕಸಿಯಿತು. ಹತ್ತಿ ಹಿಂಜುವ ಪಿಂಜಾರರು ಬಿಲ್ಲು ಹೆಗಲಿಗೇರಿಸಿ ಗಾದಿ, ದಿಂಬುಗಳನ್ನು ನೆಚ್ಚಿಕೊಂಡು ಊರೂರು ತಿರುಗಿದರು. ಕುಮಟಾ ಬಂದರು ಹೆಸರಿಗಷ್ಟೇ ಉಳಿಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಹಳಿ ಬರಲಿಲ್ಲ. ಅವು ಗದಗ, ಹರ್ಲಾಪುರ, ಯಲವಿಗಿ, ಗುಡಗೇರಿ ನಿಲ್ದಾಣಗಳಿಗೆ ಮಾಲು ಮುಟ್ಟಿಸುವ ಊರುಗಳಾದವು. ಒಂದು ಕಾಲಕ್ಕೆ ಮುನ್ನೂರು ಹಳ್ಳಿಗಳ ನಾಡಿಗೆ ಹೆಸರು ಕೊಟ್ಟ ಪುಲಿಗೆರೆ ಈಗ ಇನ್ನೊಂದು ಊರಿನ ಮೂಲಕ ಜಗತ್ತನ್ನು ತಲುಪಬೇಕಾಯಿತು.

ರೈಲಿನಿಂದ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಹೇರೆತ್ತಿನವರು. ಲಂಬಾಣಿಗರು ಮತ್ತು ಉಪ್ಪಿನ ಹೇರು ಹೊರುತ್ತಿದ್ದ ಕೊರಮರು ಕಸುಬು ಕಳೆದುಕೊಂಡರು. ದುಡಿಮೆ ಕಿತ್ತುಕೊಂಡ ಸರ್ಕಾರವೇ ಆ ಮೇಲೆ ಇಂಥ ತಿರುಗಾಡಿ ಜನರನ್ನು ಅನುಮಾನದಿಂದ ನೋಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಂಥ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆಯಿತು. ಮುಂಬಯಿ ಸರ್ಕಾರ ಅವರನ್ನು ಕೂಡಿಹಾಕಲು ತಂತಿಬೇಲಿಯ ವಸಾಹತುಗಳನ್ನು ಮಾಡಿತು. ಬೆಟಗೇರಿಯಲ್ಲಿ ಇಂದೂ ಜನರ ಬಾಯಲ್ಲಿರುವ ‘ಸೆಟ್ಲಮೆಂಟ್’ ಎಂಬ ಹೆಸರು ಆ ಕಾಲದ್ದು. 1952ರಲ್ಲಿ ಕಾಯ್ದೆ ಹೋಯಿತು, ಹೆಸರು ಹೋಗಲಿಲ್ಲ. ಸಾಗಣೆಯ ಚರಿತ್ರೆಯನ್ನು ಪ್ರಗತಿಯ ಚರಿತ್ರೆಯೆಂದು ಬರೆಯುವವರು ಗದಗ ನಿಲ್ದಾಣದಿಂದ ಆ ಓಣಿಯವರೆಗೆ ಒಮ್ಮೆ ನಡೆದುಹೋಗಬೇಕು.

ಇಷ್ಟು ಹೇಳಿ ರೈಲನ್ನು ಬರೀ ಶಾಪವೆಂದರೆ ಅದೂ ಸುಳ್ಳಾದೀತು. ಅದು ಹತ್ತಿ ಒಯ್ದು ಹಾಡು ತಂದಿತು. ಶಾಂತಕವಿಗಳ ಕೃತಪುರ ನಾಟಕ ಮಂಡಳಿ ಗದಗದಲ್ಲಿ ಹುಟ್ಟಿದ್ದು ರೈಲಿಗೂ ಮೊದಲು. ಆದರೆ ಆಮೇಲಿನ ಕಂಪನಿ ನಾಟಕಗಳ ಹರಹು ರೈಲಿನದು. ಶಿರಹಟ್ಟಿ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿತ ನಾಟಕ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಲಕ್ಷ್ಮೇಶ್ವರದ ಬಚ್ಚಾಸಾನಿ ಕಟ್ಟಿದ ಹೆಂಗಸರ ಕಂಪನಿ ಇವೆಲ್ಲ ಇದೇ ಸೀಮೆಯವು. ಪರದೆ, ಪೆಟ್ಟಿಗೆ, ಹಾರ್ಮೋನಿಯಂ, ನಲವತ್ತು-ಐವತ್ತು ಜನರ ಸಂಸಾರ ಹೊತ್ತುಕೊಂಡು ಊರಿಂದ ಊರಿಗೆ ಕ್ಯಾಂಪು ಹಾಕುವುದು ಚಕ್ಕಡಿಯೊಂದನ್ನೇ ನಂಬಿದ್ದರೆ ಅಷ್ಟು ದೂರ ಹಬ್ಬುತ್ತಿರಲಿಲ್ಲ.

ಸಂಗೀತದ ಮಾತೂ ಹಾಗೆಯೇ. ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜ್‌ನಲ್ಲಿ ನೆಲೆಸಿ ಮೈಸೂರಿಗೆ ಹೋಗಿ ಬರುವಾಗ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಖಾನರ ಹಾಡಿನ ತಟ್ಟೆ ಕೇಳಿ ಹುಚ್ಚು ಹಿಡಿದ ಹನ್ನೊಂದರ ಬಾಲಕ ಭೀಮಸೇನ ಜೋಶಿ 1933ರಲ್ಲಿ ಮನೆ ಬಿಟ್ಟು ಗದಗದಿಂದ ರೈಲು ಹತ್ತಿದರು. ಕೈಯಲ್ಲಿ ಟಿಕೆಟ್ ಇರಲಿಲ್ಲ. ಹಾಡಿ ಪಾರಾಗುತ್ತ ಉತ್ತರದವರೆಗೂ ಅಲೆದರು. ಕೊನೆಗೆ ಗುರು ಸಿಕ್ಕಿದ್ದು ಊರ ಹತ್ತಿರದ ಕುಂದಗೋಳದಲ್ಲಿ, ಅದೇ ಖಾನರ ಶಿಷ್ಯರಲ್ಲಿ. 1937ರಲ್ಲಿ ಖಾನರು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ರೈಲು ನಿಲ್ದಾಣದಲ್ಲಿಯೇ ಕಣ್ಣು ಮುಚ್ಚಿದರು. ಕನ್ನಡ ನಾಡಿನ ಹಿಂದೂಸ್ತಾನಿ ಸಂಗೀತಕ್ಕೆ ಗುರುಮನೆ ಎಷ್ಟು ಮುಖ್ಯವೋ ರೈಲು ನಿಲ್ದಾಣವೂ ಅಷ್ಟೇ ಮುಖ್ಯ. ಅದು ಮುಸ್ಲಿಂ ಉಸ್ತಾದನನ್ನೂ ಬ್ರಾಹ್ಮಣ ಹುಡುಗನನ್ನೂ ಒಂದೇ ಹಳಿಗೆ ತಂದಿತು.

ರೈಲು ಟಿಕೆಟ್ ಕೇಳುತ್ತಿತ್ತು, ಜಾತಿ ಕೇಳುತ್ತಿರಲಿಲ್ಲ. ಇದು ಸಣ್ಣ ಮಾತಲ್ಲ. ಆದರೆ ನಿಲ್ದಾಣಗಳಲ್ಲಿ ‘ಹಿಂದೂ ಪಾನಿ’, ‘ಮುಸಲ್ಮಾನ್ ಪಾನಿ’ ಎಂದು ನೀರನ್ನೂ ಎರಡು ಮಾಡಲಾಗಿತ್ತು. ನಿಲ್ದಾಣ ದಾಟಿ ಹೊರಗೆ ಕಾಲಿಟ್ಟರೆ ಹಳೆಯ ಲೋಕ ಕಾಯುತ್ತಿತ್ತು. ಅಂಬೇಡ್ಕರರು ತಮ್ಮ ನೆನಪುಗಳಲ್ಲಿ 1901ರ ಒಂದು ಪ್ರಸಂಗವನ್ನು ಬರೆದಿದ್ದಾರೆ. ತಂದೆಯನ್ನು ನೋಡಲು ಹೊರಟ ಮಕ್ಕಳು ರೈಲಿನಲ್ಲಿ ಸುಖವಾಗಿ ಬಂದು ಮಸೂರ ನಿಲ್ದಾಣದಲ್ಲಿ ಇಳಿದರು. ಅವರು ಮಹಾರರೆಂದು ಗೊತ್ತಾದ ಕೂಡಲೇ ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ, ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆಯುತ್ತೇನೆ ಎಂಬ ಕರಾರಿನ ಮೇಲೆ ಒಬ್ಬ ಒಪ್ಪಿದ. ಹೊಸ ಗಾಡಿ ಬಂದ ಮಾತ್ರಕ್ಕೆ ಸಮಾಜ ಹೊಸದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಸ್ಸು, ಸೈಕಲ್ಲು, ಲಾರಿ

1948ರಲ್ಲಿ ಸಾಂಗ್ಲಿ, ಮಿರಜ್ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ಸೇರಿದವು; ಅದೇ ವರ್ಷ ಹೈದರಾಬಾದ್ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಐದೂ ಆಡಳಿತದ ಕನ್ನಡ ಜನ ಒಂದಾದರು. ಆ ಮೇಲೆ ಈ ಊರುಗಳನ್ನು ಕೂಡಿಸಿದ್ದು ಕೆಂಪು ಬಸ್ಸು. ರೈಲು ಕೈಬಿಟ್ಟ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಬಸ್ಸು ಕೈಹಿಡಿಯಿತು. ಮುಂಡರಗಿಯ ಆಚೆ ಹರಿಗೋಲು ಹಾಯುತ್ತಿದ್ದ ತುಂಗಭದ್ರೆಗೆ ಕೊರ್ಲಹಳ್ಳಿಯಲ್ಲಿ ಸೇತುವೆಯಾಗಿ ಹಡಗಲಿಯ ಜನ ಮುಂಡರಗಿ ಪೇಟೆಗೆ ಬರುವಂತಾಯಿತು. ಬಸ್ಸು ರೈಲಿಗಿಂತ ನಿಧಾನ, ಆದರೆ ಅದು ಹಳ್ಳಿಯ ಬೇವಿನ ಮರದ ಕೆಳಗೂ ನಿಲ್ಲುತ್ತದೆ. ಕೈ ಎತ್ತಿದರೆ ನಿಲ್ಲುತ್ತದೆ. ಹೊತ್ತಿಗೆ ಸರಿಯಾಗಿ ಬರುವ ಒಂದು ಬಸ್ಸು ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕ��ು ಏಳನೇ ಇಯತ್ತೆಗೆ ನಿಲ್ಲದೆ ಮುಂದೆ ಓದಲು ಕಾರಣವಾಯಿತು. ಬಸ್ಸು ತಪ್ಪಿದ ಊರಲ್ಲಿ ಮೊದಲು ಶಾಲೆ ಬಿಟ್ಟವರೂ ಅವರೇ. ಇದರಲ್ಲಿ ಮುಸ್ಲಿಂ ಮನೆಗಳು ಬೇರೆಯಲ್ಲ. ಹುಡುಗಿಯರನ್ನು ಓದಿಸುವುದಿಲ್ಲವೆಂದು ನಮ್ಮ ಸಮಾಜವನ್ನು ದೂರುವವರು ಆ ಹಳ್ಳಿಗೆ ಸಂಜೆಯ ಬಸ್ಸು ಎಷ್ಟು ಗಂಟೆಗೆ ಎಂದು ಮೊದಲು ವಿಚಾರಿಸಬೇಕು. ನಾವೂ ಬಸ್ಸಿನ ನೆಪ ಹೇಳಿ ನಮ್ಮ ಹೊಣೆಯಿಂದ ಜಾರಿಕೊಳ್ಳಬಾರದು.

ಸಣ್ಣ ವ್ಯಾಪಾರಿಯನ್ನು ಎತ್ತಿ ನಿಲ್ಲಿಸಿದ್ದು ಸೈಕಲ್ಲು. ಗಂಟೆಗೆ ಇಷ್ಟು ಎಂದು ಬಾಡಿಗೆಗೆ ಸಿಗುತ್ತಿದ್ದ ಸೈಕಲ್ಲಿನ ಮೇಲೆ ಅತ್ತಾರರು, ಬಳೆಗಾರರು, ಬಾಗವಾನರು, ಪಿಂಜಾರರು ದಿನಕ್ಕೆ ನಾಲ್ಕು ಹಳ್ಳಿ ಸುತ್ತಿದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಊರ ಹೊರಗಿನ ಸುದ್ದಿ ತಲುಪುತ್ತಿದ್ದುದು ಅವರ ಮೂಲಕ. ಸಾಲ ಕೊಟ್ಟು ಸುಗ್ಗಿಗೆ ವಸೂಲಿ ಮಾಡುವ ಈ ವ್ಯಾಪಾರ ನಡೆದದ್ದು ಬರಹದ ಮೇಲಲ್ಲ, ಮುಖಪರಿಚಯದ ಮೇಲೆ. ಮನೆಯ ಅಂಗಳದವರೆಗೆ ಬಂದು ನಿಲ್ಲುವ ಗಾಡಿ ಅದೊಂದೇ ಆಗಿತ್ತು. ಈಗ ಪರ ಊರಲ್ಲಿ ತಯಾರಾದ ಗಾದಿ ಲಾರಿಯಲ್ಲಿ ಬರುತ್ತದೆ, ಮೊಬೈಲಿನಲ್ಲಿ ಒತ್ತಿದ ಸಾಮಾನು ಡಬ್ಬಿಯಲ್ಲಿ ಬರುತ್ತದೆ. ತಂದವನೂ ನಮ್ಮವನೇ, ಬೈಕಿನ ಮೇಲೆ ಬೆವರುವ ಹುಡುಗ. ಅವನಿಗೆ ನಿಂತು ಮಾತಾಡಲು ಪುರಸೊತ್ತಿಲ್ಲ.

ಲಾರಿಯ ವಿಷಯಕ್ಕೆ ಬಂದರೆ ಗದಗಕ್ಕೆ ದೊಡ್ಡ ಹೆಸರೇ ಇದೆ. ಮುದ್ರಣದ ಮನೆತನದಿಂದ ಬಂದ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದು ಲಾರಿಯಿಂದ ಇಲ್ಲಿ ಆರಂಭಿಸಿದ ಸಾಗಣೆ ವ್ಯವಹಾರ ದೇಶದ ದೊಡ್ಡ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು. 1999ರಲ್ಲಿ ಅದೇ ಮನೆಯಿಂದ ‘ವಿಜಯ ಕರ್ನಾಟಕ’ ದಿನಪತ್ರಿಕೆ ಬಂತು. ಸಾಗಣೆ ಬಲ್ಲವರು ಪತ್ರಿಕೆ ತೆಗೆದಾಗ ಕನ್ನಡ ಪತ್ರಿಕೋದ್ಯಮದ ಲೆಕ್ಕಾಚಾರವೇ ಬದಲಾಯಿತು ಎಂಬುದು ನಿರ್ವಿವಾದ. ಸುದ್ದಿಯೂ ಒಂದು ಸರಕು, ಹೊತ್ತಿಗೆ ಮುಟ್ಟಬೇಕಾದ ಸರಕು ಎಂಬುದನ್ನು ಇತರ ಪತ್ರಿಕೆಗಳೂ ಕಲಿಯಬೇಕಾಯಿತು. ಸರಕಾದ ಸುದ್ದಿಯಿಂದ ಕನ್ನಡ ಸಮಾಜಕ್ಕೆ ಏನಾಯಿತು ಎಂಬುದು ಬೇರೆಯೇ ಲೇಖನದ ವಿಷಯ.

2022ರಲ್ಲಿ ಈ ಉದ್ಯಮಿಯ ಬದುಕನ್ನು ಆಧರಿಸಿದ ‘ವಿಜಯಾನಂದ್’ ಚಿತ್ರ ಬಂತು. ಉದ್ಯಮಿಯ ಸಾಹಸವನ್ನು ಮೆಚ್ಚಲು ನಮಗೆ ಅಡ್ಡಿಯಿಲ್ಲ. ನಮ್ಮ ತಕರಾರು ಬೇರೆ. ಲಾರಿಯ ಬಗ್ಗೆ ನಮ್ಮಲ್ಲಿ ಕಥೆ ಹುಟ್ಟಬೇಕಾದರೆ ಅದು ಮಾಲೀಕನ ಏಳಿಗೆಯ ಕಥೆಯಾಗಿಯೇ ಏಕೆ ಹುಟ್ಟಬೇಕು? ರಾತ್ರಿಯಿಡೀ ನಿದ್ದೆಗೆಟ್ಟು ಸ್ಟಿಯರಿಂಗ್ ಹಿಡಿದ ಡ್ರೈವರ್, ಲಾರಿಯ ಕೆಳಗೆ ಮಲಗುವ ಕ್ಲೀನರ್ ಹುಡುಗ, ಬೆನ್ನು ಬಾಗಿದ ಹಮಾಲ, ಗ್ಯಾರೇಜಿನಲ್ಲಿ ಎಣ್ಣೆ ಮೆತ್ತಿದ ಕೈಯ ಮಿಸ್ತ್ರಿ ಇವರ ಏಳಿಗೆ ಏಕೆ ಕಥೆಯಾಗಲಿಲ್ಲ? ಏಳಿಗೆ ಆಗಲಿಲ್ಲವೆಂಬುದೇ ಉತ್ತರವಿರಬಹುದು. ಮಿಸ್ತ್ರಿ, ವೆಲ್ಡರ್, ಪಂಕ್ಚರ್ ತಿದ್ದುವವ, ಡ್ರೈವರ್ ಈ ಕೆಲಸಗಳಲ್ಲಿ ಈ ಭಾಗದ ಮುಸ್ಲಿಂ ಹುಡುಗರು ಕಣ್ಣಿಗೆ ಬೀಳುವಷ್ಟು ಇದ್ದಾರೆ. ಶಾಲೆ ಬಿಟ್ಟವನಿಗೆ ಗ್ಯಾರೇಜು ಎಂಬುದು ನಮ್ಮ ಓಣಿಗಳ ಬರೆಯದ ನಿಯಮ. ರಾಜ್ಯ ಸರ್ಕಾರ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆಯೊಂದನ್ನು ತಂದಿತು. ಗ್ಯಾರೇಜಿನ ಕೈಗಳೂ ಅದರ ವ್ಯಾಪ್ತಿಗೆ ಬಂದದ್ದು ಒಳ್ಳೆಯದು. ಆ ಹುಡುಗರ ಹೆಸರು ಅದರಲ್ಲಿ ನೋಂದಣಿಯಾಗುವಂತೆ ನೋಡಿಕೊಳ್ಳುವುದು ಓಣಿಯ ಜಮಾತ್‌ಗಳು ಮಾಡಬಹುದಾದ ಕೆಲಸ.

ಹಜ್ ಯಾತ್ರೆಯ ಬದಲಾವಣೆಯನ್ನೂ ಇಲ್ಲಿ ನೋಡಬಹುದು. ರೈಲಿನಲ್ಲಿ ಮುಂಬಯಿ, ಅಲ್ಲಿಂದ ಹಡಗಿನಲ್ಲಿ ಜಿದ್ದಾ ಎಂಬ ದಾರಿ 1995ರಲ್ಲಿ ಮುಗಿಯಿತು. ಹಡಗಿನ ಕಾಲದಲ್ಲಿ ಹೊರಟವರು ಸಾಲ ತೀರಿಸಿ, ಜಗಳವಾಡಿದವರ ಮನೆಗೆ ಹೋಗಿ ಮಾಫಿ ಕೇಳಿ ಹೊರಡುತ್ತಿದ್ದರು, ಮರಳುವುದು ಖಾತ್ರಿಯಿರಲಿಲ್ಲ. ವಿಮಾನ ಆ ಕಷ್ಟವನ್ನು ತೆಗೆದದ್ದು ಒಳ್ಳೆಯದೇ ಆಯಿತು. ಮಾಫಿ ಕೇಳುವ ರೂಢಿ ಕಷ್ಟದ ಜೊತೆ ಹೋಗಬೇಕಾಗಿರಲಿಲ್ಲ.

ಬೈಪಾಸಿನ ಕಾಲ

ಗದಗ 1997ರಲ್ಲಿ ಜಿಲ್ಲೆಯಾಯಿತು. ಲಕ್ಷ್ಮೇಶ್ವರ 2018ರಲ್ಲಿ ತಾಲೂಕಾಯಿತು. ಮೀಟರ್‌ಗೇಜ್ ಹಳಿಗಳು ಬ್ರಾಡ್‌ಗೇಜ್ ಆದವು. ಸೊಲ್ಲಾಪುರದ ಕಡೆಯ ಮಾರ್ಗ 2008ರ ಹೊತ್ತಿಗೆ ಮುಗಿಯಿತು. ಹುಬ್ಬಳ್ಳಿ-ಹೊಸಪೇಟೆ ಹೆದ್ದಾರಿ ಅಗಲವಾಯಿತು. ಹೆದ್ದಾರಿ ಊರೊಳಗೆ ಬರದೆ ಹೊರಗಿನಿಂದ ಸುತ್ತಿ ಹೋಗುವುದು ಅಪಘಾತ, ಹೊಗೆ ಕಡಿಮೆ ಮಾಡುತ್ತದೆ. ಅದರ ಜೊತೆಗೇ ದಾರಿಬದಿಯ ಚಹಾದಂಗಡಿ, ಮಿರ್ಚಿ-ಗಿರ್ಮಿಟ್ ಗಾಡಿ, ಪಂಕ್ಚರ್ ಅಂಗಡಿಗಳ ದುಡಿಮೆಯನ್ನೂ ಕಡಿಮೆ ಮಾಡುತ್ತದೆ. ಯೋಜನೆಯ ಕಾಗದದಲ್ಲಿ ಉಳಿಯುವ ನಿಮಿಷಗಳ ಲೆಕ್ಕವಿರುತ್ತದೆ, ಹೋಗುವ ಅಂಗಡಿಗಳ ಲೆಕ್ಕವಿರುವುದಿಲ್ಲ. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಯಲವಿಗಿಗೆ ರೈಲು ಬೇಕೆಂಬ ಬೇಡಿಕೆ ದಶಕಗಳದ್ದು. 1884ರಲ್ಲಿ ತಪ್ಪಿದ್ದನ್ನು ಈಗ ಕೇಳುತ್ತಿರುವ ಜನರ ಬೇಡಿಕೆ ನ್ಯಾಯವಾದದ್ದು. ಆ ಹಳಿ ಬಂದರೆ ಹಳ್ಳಿಗರು ಹತ್ತುವ ಪ್ಯಾಸೆಂಜರ್ ಗಾಡಿ ಅದರ ಮೇಲೆ ಓಡುತ್ತದೆಯೇ, ಸಣ್ಣ ನಿಲ್ದಾಣಗಳಲ್ಲಿ ನಿಲ್ಲುತ್ತದೆಯೇ ಎಂಬುದನ್ನೂ ಈಗಲೇ ಕೇಳಿಡುವುದು ಮೇಲು.

ಬಸ್ಸು ಬರದ ಹೊತ್ತಿನಲ್ಲಿ ಹಳ್ಳಿಯನ್ನು ಪೇಟೆಗೆ ಕೂಡಿಸುವುದು ಟಂಟಂ, ಟ್ರ್ಯಾಕ್ಸುಗಳು. ಆರು ಜನರ ಜಾಗದಲ್ಲಿ ಹನ್ನೆರಡು ಜನ, ಮೇಲೆ ಕಾಯಿಪಲ್ಲೆ ಚೀಲ. ಕಾನೂನಿನ ಕಣ್ಣಲ್ಲಿ ಅದು ತಪ್ಪು. ಹಳ್ಳಿಯ ಬಾಣಂತಿಗೆ ಅದೇ ಆಂಬ್ಯುಲೆನ್ಸ್. 2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸನ್ನು ಬಿಟ್ಟಿಯಾಗಿಸಿದ ಮೇಲೆ ಟಂಟಂನವರ ಗಿರಾಕಿ ಕಡಿಮೆಯಾದರು ಎಂಬ ಗೋಳು ಇದೆ. ಅದನ್ನು ಕೇಳಿಸಿಕೊಳ್ಳಬೇಕು. ಹಾಗೆಯೇ ತವರಿಗೆ, ಆಸ್ಪತ್ರೆಗೆ, ಕೂಲಿಗೆ, ದೂದನಾನಾ ದರ್ಗಾಕ್ಕೆ, ಫಕೀರೇಶ್ವರನ ಜಾತ್ರೆಗೆ ಯಾರ ಬಳಿಯೂ ದುಡ್ಡು ಬೇಡದೆ ಹೊರಟ ಹೆಣ್ಣುಮಕ್ಕಳ ಸಡಗರವನ್ನೂ ನೋಡಬೇಕು. ಹೆಂಗಸರಿಗೆ ತಿರುಗುವ ಚಟ ಹತ್ತಿತೆಂದು ನಗುವವರು ಗಂಡಸರ ತಿರುಗಾಟದ ಲೆಕ್ಕವನ್ನು ಯಾವತ್ತೂ ಕೇಳಿದವರಲ್ಲ.

ಕೊನೆಗೆ ನಮ್ಮ ಎರಡನೆಯ ಪ್ರಶ್ನೆ. 2022ರ ಮಾರ್ಚ್-ಏಪ್ರಿಲ್‌ನಲ್ಲಿ ರಾಜ್ಯದ ಹಲವೆಡೆ ಗುಡಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಕೊಡಬಾರದೆಂಬ ಕೂಗೆದ್ದಿತು. ಅದರ ಬೆನ್ನಿಗೇ ತೀರ್ಥಯಾತ್ರೆಗೆ ಮುಸ್ಲಿಮರ ವಾಹನ ಹತ್ತಬೇಡಿ ಎಂಬ ಕರೆಯೂ ಬಂತು. 1901ರಲ್ಲಿ ಗಾಡಿಯವನು ಪ್ರಯಾಣಿಕನ ಜಾತಿ ಕೇಳಿದ್ದ. 2022ರಲ್ಲಿ ಪ್ರಯಾಣಿಕನಿಗೆ ಗಾಡಿಯವನ ಧರ್ಮ ಕೇಳಲು ಹೇಳಿಕೊಡಲಾಯಿತು. ಎರಡೂ ಒಂದೇ ರೋಗ. ಇದನ್ನು ಬರೀ ಮುಸ್ಲಿಮರ ಹೊಟ್ಟೆಪಾಡಿನ ಪ್ರಶ್ನೆಯೆಂದು ತಿಳಿದರೆ ತಪ್ಪಾದೀತು. ಜಾತ್ರೆಯ ಬಳೆಯಂಗಡಿ, ಬಾಡಿಗೆ ಗಾಡಿಯ ಮುಂದಿನ ಸೀಟು ಇವು ಬೇರೆ ಬೇರೆ ಮನೆಗಳಲ್ಲಿ ಬೆಳೆದವರು ಮಾತಿಗಿಳಿಯುವ ಜಾಗಗಳು. ಅವು ಮುಚ್ಚಿದರೆ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ತಿಳಿಯುವುದು ಮೊಬೈಲಿಗೆ ಬಂದ ಸುಳ್ಳುಗಳ ಮೂಲಕ ಮಾತ್ರ.

ಈ ಸೀಮೆಯ ಹಿರಿಮೆ ಹೇಳುವಾಗ ನಾವೆಲ್ಲ ಫಕೀರೇಶ್ವರನನ್ನೂ ದೂದನಾನಾರನ್ನೂ ನೆನೆಯುತ್ತೇವೆ. ಅವರು ದಾರಿಹೋಕರ ಸಂತರು, ತಂಗುದಾಣಗಳ ಸಂತರು. ದಾರಿಯಲ್ಲಿ ನಿಲುಗಡೆಯೇ ಇಲ್ಲದಂತೆ ಮಾಡಿ, ನಿಂತ ಕಡೆಯಲ್ಲೆಲ್ಲ ಹೆಸರು ಕೇಳುವುದನ್ನು ಕಲಿತು, ಸಭೆಗಳಲ್ಲಿ ಅವರ ಹೆಸರಿನಲ್ಲಿ ಭಾವೈಕ್ಯದ ಭಾಷಣ ಮಾಡಿದರೆ ಫಲವಿಲ್ಲ. ಹೊಸ ರಸ್ತೆ, ಹೊಸ ಹಳಿ, ಹೊಸ ಬಸ್ಸು ಕೇಳುವಾಗ ಎಷ್ಟು ಬೇಗ ಎಂಬುದರ ಜೊತೆಗೆ ಎಲ್ಲಿ ನಿಲ್ಲುತ್ತದೆ ಎಂದೂ ಕೇಳೋಣ. ನಿಲ್ಲುವ ಜಾಗದಲ್ಲಿ ನೆರಳು, ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಸಣ್ಣ ವ್ಯಾಪಾರಿಗೆ ನಾಲ್ಕು ಮೊಳ ಜಾಗ ಇದೆಯೇ ಎಂದು ಕೇಳೋಣ. ಊರ ಚರಿತ್ರೆ ಬರೆಯುವವರು ಗುಡಿ-ಮಸೀದಿಗಳ ಪಕ್ಕದಲ್ಲಿ ಟಾಂಗಾ ನಿಲ್ದಾಣ, ಹಮಾಲರ ಓಣಿ, ಸೆಟ್ಲಮೆಂಟು, ಗ್ಯಾರೇಜುಗಳಿಗೂ ಒಂದೊಂದು ಅಧ್ಯಾಯ ಕೊಡಲಿ. ಹಮಾಲರ ಹಿರಿಯರು ಇನ್ನೂ ಬದುಕಿರುವಾಗಲೇ ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸ ನಮ್ಮ ಕಾಲೇಜುಗಳ ಕನ್ನಡ, ಇತಿಹಾಸ ವಿಭಾಗಗಳಿಂದ ಶುರುವಾಗಬಹುದು. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ; ಬಸ್ಸು ಹತ್ತಿ ಹೋಗಿ, ಇಳಿದು, ಕೂತು ಕೇಳುವ ತಾಳ್ಮೆ ಸಾಕು.